‘ಕಡತ ಗೌಪ್ಯ’ ಅಂತ ಹಿಂಬರಹ ಬಂದಿದೆ, ಮುಂದೇನು ಮಾಡಲಿ?

ಪ್ರಶ್ನೆ (ಶರಾವತಿ ಹಿನ್ನೀರಿನ ಕಡೆಯ ಸದಸ್ಯರು): ನಮಸ್ಕಾರ ಸರ್. ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮ ಅಜ್ಜನ ಮನೆ, ಗದ್ದೆ ಎಲ್ಲ ಮುಳುಗಿತು. ಆಗ ಬೇರೆ ಊರಲ್ಲಿ ಜಾಗ ತೋರಿಸಿದರು. ಅಂದಿನಿಂದ ನಾವೇ ಸಾಗುವಳಿ ಮಾಡುತ್ತಿದ್ದೇವೆ. ಪಹಣಿಯಲ್ಲಿ ಮಾತ್ರ ಇನ್ನೂ ಅರಣ್ಯ ಅಂತಲೇ ಬರುತ್ತಿದೆ. ಅಜ್ಜನಿಗೆ ಜಾಗ ಕೊಟ್ಟ ಕಡತದ ನಕಲು ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಒಂದೇ ಸಾಲಿನ ಹಿಂಬರಹ ಬಂತು: ‘ಸದರಿ ಕಡತವು ಗೌಪ್ಯವಾಗಿರುವುದರಿಂದ ನೀಡಲು ಅವಕಾಶವಿರುವುದಿಲ್ಲ.’ ಇಷ್ಟು ಹಳೇ ಕಡತದಲ್ಲಿ ಗೌಪ್ಯ ಏನಿರುತ್ತೆ ಸರ್?

ಉತ್ತರ (ನಿವೃತ್ತ ಶಿರಸ್ತೇದಾರ್, ಶಿವಮೊಗ್ಗ): ನಾನು ಕಂದಾಯ ಇಲಾಖೆಯಲ್ಲಿ ಮಾಹಿತಿ ಅಧಿಕಾರಿಯಾಗಿ ಕೆಲಸ ಮಾಡಿದವನು. ಇಂಥ ಹಿಂಬರಹ ನೋಡಿದರೆ ನನಗೆ ನಿಜವಾಗಲೂ ಬೇಸರ ಆಗುತ್ತದೆ. ಊರನ್ನೇ ಬಿಟ್ಟುಕೊಟ್ಟ ಮನೆತನಕ್ಕೆ ಅವರದ್ದೇ ಕಾಗದ ತೋರಿಸಲು ಆಗುವುದಿಲ್ಲ ಅಂದರೆ ಹೇಗೆ?

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬರೀ ‘ಗೌಪ್ಯ’ ಅನ್ನುವ ಕಾರಣವೇ ಇಲ್ಲ. ಯಾವ್ಯಾವ ಮಾಹಿತಿ ಕೊಡದೇ ಇರಬಹುದು ಅಂತ ಕಲಂ 8(1)ರಲ್ಲಿ (ಎ)ಯಿಂದ (ಜೆ)ವರೆಗೆ ಹತ್ತು ಬಾಬು ಇವೆ. ದೇಶದ ಭದ್ರತೆ, ಶಾಸನ ಸಭೆಯ ಹಕ್ಕುಚ್ಯುತಿ, ವ್ಯಾಪಾರದ ಗುಟ್ಟು, ನಡೆಯುತ್ತಿರುವ ತನಿಖೆ, ಸಂಪುಟದ ಕಾಗದ, ವೈಯಕ್ತಿಕ ಮಾಹಿತಿ, ಹೀಗೆ. ಇಲ್ಲ ಅನ್ನುವ ಅಧಿಕಾರಿ ಇದರಲ್ಲಿ ಯಾವುದು, ಯಾಕೆ ಅಂತ ಬರೆಯಲೇಬೇಕು. ಮೇಲ್ಮನವಿ ಯಾರಿಗೆ, ಎಷ್ಟು ದಿನದಲ್ಲಿ ಅಂತಲೂ ತಿಳಿಸಬೇಕು. ಅದು ಕಲಂ 7(8).

ನಿಮ್ಮ ವಿಷಯಕ್ಕೆ ಇನ್ನೂ ಗಟ್ಟಿ ಆಧಾರ ಇದೆ. ಕಲಂ 8(3) ಓದಿ. ಅರ್ಜಿ ಹಾಕಿದ ದಿನಕ್ಕೆ 20 ವರ್ಷ ಹಿಂದೆ ನಡೆದ ಸಂಗತಿಯಾಗಿದ್ದರೆ ಈ ಹತ್ತರಲ್ಲಿ ಮೂರು ಮಾತ್ರ ಉಳಿಯುತ್ತವೆ: ಭದ್ರತೆ, ಶಾಸನ ಸಭೆಯ ಹಕ್ಕುಚ್ಯುತಿ, ಸಂಪುಟದ ಕಾಗದ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ನಿಮ್ಮ ಅಜ್ಜನ ಗದ್ದೆ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ, ಅಲ್ವಾ? 1923ರ ಅಧಿಕೃತ ರಹಸ್ಯ ಕಾಯ್ದೆ ಅಂತ ಯಾರಾದರೂ ಹೆದರಿಸಿದರೆ ಕಲಂ 22 ತೋರಿಸಿ. ಎರಡಕ್ಕೂ ತಾಳೆ ಆಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಮಾತೇ ನಡೆಯುತ್ತದೆ.

ಹಿಂಬರಹ ಕೈಗೆ ಸಿಕ್ಕ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದೇ ಇಲಾಖೆಯ ಮೇಲಿನ ಅಧಿಕಾರಿ ನೋಡುತ್ತಾರೆ. ಕೊಡದೇ ಇದ್ದದ್ದು ಸರಿ ಅಂತ ತೋರಿಸುವ ಹೊಣೆ ಕಚೇರಿಯದ್ದು, ನಿಮ್ಮದಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು.

ಜೊತೆಗೆ ‘ಕಡತ ವೀಕ್ಷಣೆಗೆ ಅವಕಾಶ ಕೊಡಿ’ ಅಂತ ಇನ್ನೊಂದು ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಲಿ. ಹಳೇ ಕಡತ ಬಟ್ಟೆಯ ಗಂಟಿನಲ್ಲಿರುತ್ತದೆ. ಮಳೆಗಾಲದ ಥಂಡಿಗೆ ಹಾಳೆ ಒಂದಕ್ಕೊಂದು ಅಂಟಿರುತ್ತವೆ, ಅಂಚು ಮುಟ್ಟಿದರೆ ಉದುರುತ್ತದೆ. ನಿಧಾನಕ್ಕೆ ತಿರುವಿ. ಆದೇಶ ಒಂದನ್ನೇ ನೋಡಿ ಎದ್ದು ಬರಬೇಡಿ. ಟಿಪ್ಪಣಿ ಹಾಳೆಯೂ ಮಾಹಿತಿಯೇ. ಗುಮಾಸ್ತರು, ಸರ್ವೇಯರ್, ಮೇಲಧಿಕಾರಿ ಏನು ಬರೆದರು ಅನ್ನುವುದು ಅಲ್ಲೇ ಇರುತ್ತದೆ. ಬೇಕಾದ ಪುಟಸಂಖ್ಯೆ ಬರೆದುಕೊಂಡು ಅಷ್ಟರ ನಕಲು ಕೇಳಿ. ಪುಟಕ್ಕೆ 2 ರೂಪಾಯಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅಣ್ಣಾ, ನಮ್ಮದು ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗ. ಅದನ್ನು ಸಕ್ರಮ ಮಾಡಿ ಅಂತ ಹಾಕಿದ ನಮೂನೆ 57ರ ಅರ್ಜಿ ವಜಾ ಆಯ್ತು. ಪಕ್ಕದವರದ್ದು ಮಂಜೂರಾಯ್ತು. ಜಾಗ ಒಂದೇ ಥರದ್ದು. ಅವರ ಕಡತ ಪೂರ್ತಿ ಕೇಳಬಹುದಾ?

ಉತ್ತರ: ಕೇಳಬಹುದು, ಆದರೆ ಪೂರ್ತಿ ಕೇಳಬೇಡಿ ತಮ್ಮಾ. ಆ ಕಡತದಲ್ಲಿ ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯವರ ವಿವರ ಎಲ್ಲ ಇರುತ್ತದೆ. ಅದನ್ನು ಕಾಪಾಡುವುದೂ ಕಚೇರಿಯ ಕೆಲಸವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ 8(1)(ಜೆ) ಬದಲಾಗಿ ‘ವೈಯಕ್ತಿಕ ಮಾಹಿತಿ’ ಅಂತಷ್ಟೇ ಉಳಿದಿದೆ. ಇದರಿಂದ ಅಧಿಕಾರಿಗಳಿಗೆ ಇಲ್ಲ ಅನ್ನುವುದು ಸುಲಭ ಆಯ್ತು ಅನ್ನುವುದೇ ನನ್ನ ಚಿಂತೆ. ಆದರೂ ಕಲಂ 8(2) ಹಾಗೇ ಇದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು. ಅರ್ಜಿಯಲ್ಲಿ ಕಾರಣ ಹೇಳಬೇಕು ಅಂತ ಕಾಯ್ದೆ ಕೇಳುವುದಿಲ್ಲ. ಆದರೂ ಇಂಥ ಕಡೆ ಹಿತ ಏನು ಅಂತ ಎರಡು ಸಾಲು ಬರೆಯಿರಿ.

ಕೇಳಬೇಕಾದ್ದು ಏನಂದರೆ, ಅರ್ಜಿ ತೀರ್ಮಾನಿಸಿದ ಬಗರ್‌ಹುಕುಂ ಸಮಿತಿಯ ಆ ದಿನದ ನಡಾವಳಿ, ನಿಮ್ಮ ಜಾಗದ ಸ್ಥಳ ತನಿಖೆ ವರದಿ ಮತ್ತು ಮಹಜರು, ಮಂಜೂರಾದವರ ಪಟ್ಟಿ. ಸರ್ಕಾರದ ರಿಯಾಯಿತಿ, ಪರವಾನಗಿ ಪಡೆದವರ ವಿವರವನ್ನು ಕಚೇರಿ ತಾನಾಗೇ ಪ್ರಕಟಿಸಬೇಕು ಅಂತ ಕಲಂ 4(1)(ಬಿ) ಇದೆ. ಬೇರೆಯವರು ಗೌಪ್ಯ ಅಂತ ಕೊಟ್ಟ ಮಾಹಿತಿಯಾದರೆ ಕಚೇರಿ ಅವರಿಗೆ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳುತ್ತದೆ. ಉತ್ತರಿಸಲು ಅವರಿಗೆ 10 ದಿನ. ಆ ನೋಟಿಸ್ ಹೋಗುವ ಮೊದಲೇ ನೀವೇ ಒಂದು ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಮಾತಾಡಿ. ಎಷ್ಟೋ ಸಲ ಅವರೇ ತಮ್ಮ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ತೋರಿಸುತ್ತಾರೆ. ಬೇಲಿ ಜಗಳ ಹುಟ್ಟುವುದೂ ತಪ್ಪುತ್ತದೆ.

ಪ್ರಶ್ನೆ (ಕಚೇರಿಯೊಂದರ ಸಹಾಯಕಿ): ಸರ್, ನಾನು ಮೇಜಿನ ಈಚೆ ಕೂರುವವಳು. ಕೊಟ್ಟರೂ ಬೈಗುಳ, ಕೊಡದಿದ್ದರೂ ದಂಡ. ಕಡತದಲ್ಲಿ ಒಂದು ಪುಟ ಕೊಡಬಾರದ್ದಿದ್ದರೆ ಏನು ಮಾಡಲಿ?

ಉತ್ತರ: ನಿಮ್ಮ ಕಷ್ಟ ನನಗೆ ಗೊತ್ತಮ್ಮ. ದಂಡ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ಅದು ಮಾಹಿತಿ ಅಧಿಕಾರಿಯ ಕೈಯಿಂದಲೇ ಹೋಗುತ್ತದೆ. ಆ ಭಯಕ್ಕೇ ಕೆಲವರು ಇಡೀ ಕಡತ ಮುಚ್ಚಿಡುತ್ತಾರೆ. ಕಲಂ 10 ನೋಡಿ. ಕೊಡಬಾರದ ಸಾಲು ತೆಗೆದು ಉಳಿದದ್ದು ಕೊಡಿ. ಏನು ತೆಗೆದಿದ್ದೀರಿ, ಯಾಕೆ ಅಂತ ಬರೆದು ತಿಳಿಸಿ.

ಹೇಗೆ ಅಂದರೆ, ಮೂಲ ಹಾಳೆಗೆ ಕೈ ಹಚ್ಚಬೇಡಿ. ಜೆರಾಕ್ಸ್ ಮಾಡಿ, ಅದರ ಮೇಲೆ ಕಪ್ಪು ಮಾರ್ಕರ್ ಎಳೆಯಿರಿ. ಅದನ್ನೇ ಕೊಟ್ಟುಬಿಟ್ಟರೆ ಬೆಳಕಿಗೆ ಹಿಡಿದಾಗ ಆಧಾರ್ ಸಂಖ್ಯೆ ಕಾಣುತ್ತದೆ. ಮಾರ್ಕರ್ ಎಳೆದದ್ದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ ಆ ಪ್ರತಿ ಕೊಡಿ.

ಒಂದು ಕಡೆ ಮಾತ್ರ ಕೈ ಬಿಗಿ ಇರಲಿ. ಬೀಟೆ, ಗಂಧ ಕಡಿದವರ ಬಗ್ಗೆ ಯಾರೋ ಗುಟ್ಟಾಗಿ ಸುಳಿವು ಕೊಟ್ಟಿರುತ್ತಾರೆ. ಅವರ ಹೆಸರು ಹೊರಬಂದರೆ ಜೀವಕ್ಕೇ ಅಪಾಯ. ಹೆಸರಷ್ಟೇ ಮುಚ್ಚಿದರೆ ಸಾಲದು. ಮನೆ ಗುರುತು, ಕೈಬರಹ ನೋಡಿದರೂ ಊರಲ್ಲಿ ಗೊತ್ತಾಗುತ್ತದೆ. 8(1)(ಜಿ) ಇರುವುದೇ ಇಂಥವರಿಗೆ. ಆ ಪುಟ ಪೂರ್ತಿ ತೆಗೆಯಿರಿ, ಧೈರ್ಯವಾಗಿ ಕಾರಣ ಬರೆಯಿರಿ.

ಮೊದಲ ಸದಸ್ಯರು: ತುಂಬ ಉಪಕಾರ ಆಯ್ತು ಸರ್. ಹಿಂಬರಹ ಬಂದು ಮೂರು ವಾರ ಆಯ್ತು. ಈಗ ‘ಕಡತ ಸಿಗುತ್ತಿಲ್ಲ’ ಅಂತ ಬೇರೆ ಹೇಳುತ್ತಿದ್ದಾರೆ.

ಉತ್ತರ: ಹಾಗಾದರೆ ಈ ವಾರವೇ ಮೇಲ್ಮನವಿ ಹಾಕಿ. ‘ಸಿಗುತ್ತಿಲ್ಲ’ ಅನ್ನುವುದು ಆ ಹತ್ತು ಬಾಬಿನಲ್ಲಿ ಇಲ್ಲ. ಮೊದಲು ಗೌಪ್ಯ ಅಂದವರು ಈಗ ಇಲ್ಲ ಅನ್ನುತ್ತಿದ್ದಾರೆ, ಅದನ್ನೂ ಬರೆಯಿರಿ. ರೆಕಾರ್ಡ್ ರೂಮಿನ ರಿಜಿಸ್ಟರಿನಲ್ಲಿ ಕಡತ ನಮೂದಾದ ಪುಟದ ನಕಲನ್ನೂ ಕೇಳಿ. ಮನವಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಿಂಬರಹ ಬಂದ ಲಕೋಟೆ ಎಸೆದಿಲ್ಲ ತಾನೇ? ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ. 30 ದಿನದ ಲೆಕ್ಕಕ್ಕೆ ಅದೇ ಸಾಕ್ಷಿ.