ಹಳೇ ಲ್ಯಾಪ್‌ಟಾಪ್ ಡಿಸ್ಕ್ ಹೋಗುವ ಹಾಗಿದೆ, ಮಾವನ ಮಳೆ ಲೆಕ್ಕ ಅದರಲ್ಲೇ ಇದೆ

ಹೂಮಳೆ (ಕೊಡಗಿನ ನಾಪೋಕ್ಲು ಹತ್ತಿರ):
ನಮಸ್ಕಾರ. ನಾನು ತೋಟದ ಲೆಕ್ಕ ನೋಡಿಕೊಳ್ಳುವವಳು. ಕಂಪ್ಯೂಟರ್ ಗೊತ್ತಿರುವುದು ಅಷ್ಟಕ್ಕಷ್ಟೇ, ಸ್ವಲ್ಪ ಬಿಡಿಸಿ ಹೇಳಿ.

ನಮ್ಮ ಮಾವ 1998ರಿಂದ ದಿನಾ ಬೆಳಿಗ್ಗೆ ಕಣದ ಮೂಲೆಯ ರೇನ್ ಗೇಜ್ ನೋಡಿ ಮಳೆ ಬರೆದಿಡುತ್ತಿದ್ದರು. ಇಂಚು, ಸೆಂಟ್ ಲೆಕ್ಕದಲ್ಲಿ. (ಹೊರಗಿನವರಿಗೆ: ನಮ್ಮಲ್ಲಿ ಇಂಚಿಗೆ ನೂರು ಸೆಂಟ್.) ಡೈರಿಗಳಿಗೆ ಗೆದ್ದಲು ಹತ್ತಿದಾಗ ಕೂತು ಒಂದೇ ಬೆರಳಲ್ಲಿ ಕುಟ್ಟಿ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದರು. ಆಮೇಲೆ ಡೈರಿಗಳನ್ನು ಒಲೆಗೆ ಹಾಕಿದರು. ಮಾವ ಹೋಗಿ ಎರಡು ವರ್ಷವಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ತೆಗೆದ ಫೋಟೋಗಳೂ ಅದೇ ಲ್ಯಾಪ್‌ಟಾಪಿನಲ್ಲಿವೆ.

ಬ್ಯಾಕಪ್ ಇಲ್ವಾ ಅಂತ ಕೇಳುತ್ತೀರಿ, ಗೊತ್ತು. ಪೆನ್‌ಡ್ರೈವ್‌ಗೆ ಹಾಕಿದ್ದೇನೆ ಅಂತಲೇ ಇದ್ದೆ. ಮೊನ್ನೆ ತೆರೆದು ನೋಡಿದರೆ ಅದರಲ್ಲಿ ಇದ್ದದ್ದು 2 ಕೆಬಿಯ ಶಾರ್ಟ್‌ಕಟ್ ಮಾತ್ರ.

ಲ್ಯಾಪ್‌ಟಾಪ್ 2012ರದ್ದು, 500 ಜಿಬಿ ಡಿಸ್ಕ್. ಬ್ಯಾಟರಿ ಸತ್ತು ಕಾಲವಾಯಿತು, ಕರೆಂಟ್ ಹೋದರೆ ಅದೂ ಹೋಯಿತು. ಭಾನುವಾರ ಮೂರು ಸಲ ಹಾಗಾಯಿತು. ಈಗ ವಿಂಡೋಸ್ ಬರುವುದಕ್ಕೆ ಅರ್ಧ ಗಂಟೆ. ಫೋಲ್ಡರ್ ತೆರೆದರೆ ಹಸಿರು ಪಟ್ಟಿ ತೆವಳುತ್ತಾ ಹೋಗಿ ನಿಂತುಬಿಡುತ್ತದೆ. ಆಗಾಗ ಕಿರ್ರ್ ಅಂತ ಸದ್ದು, ಆಮೇಲೆ ಸುಮ್ನೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ಹಳದಿ ತೋರಿಸುತ್ತಿದೆ, ಸಿ5 ಅನ್ನುವ ಸಾಲಿನಲ್ಲಿ 1ಎ8 ಅಂತಿದೆ.

ಪೇಟೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅಂದರು. ಭಾವ ಚೆಕ್‌ಡಿಸ್ಕ್ ಓಡಿಸು ಅಂದರು. ಪಕ್ಕದ ತೋಟದವರು ಫ್ರೀಜರ್‌ನಲ್ಲಿಡಿ ಅಂದರು. ನನಗೆ ಮಾತ್ರ ಒಲೆ ಮೇಲಿನ ಅಟ್ಟದಲ್ಲಿಡೋಣ ಅನ್ನಿಸಿತು, ನಗಬೇಡಿ. ಜುಲೈನಲ್ಲಿ ನಮ್ಮಲ್ಲಿ ಚಪ್ಪಲಿಯಿಂದ ಹಿಡಿದು ಮೆಣಸಿನವರೆಗೆ ಎಲ್ಲ ಒಣಗುವುದು ಅಲ್ಲೇ.

ಸ್ಕ್ರೂಡ್ರೈವರ್ (ಕುಶಾಲನಗರ):
ಅಕ್ಕ, ಮೊದಲು ಅದನ್ನು ಆಫ್ ಮಾಡಿ. ನೀವು ಆನ್ ಮಾಡಿ ಪರೀಕ್ಷೆ ಮಾಡುವ ಒಂದೊಂದು ಸಲವೂ ಅದರ ಆಯಸ್ಸಿನಿಂದಲೇ ಕಳೆಯುತ್ತದೆ.

ಸಿ5 ಅಂದರೆ ಓದಲು ಆಗದೆ, ಏನು ಮಾಡುವುದು ಅಂತ ಡಿಸ್ಕ್ ಇನ್ನೂ ತೀರ್ಮಾನಿಸದೆ ಬಾಕಿ ಇಟ್ಟಿರುವ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಪುಟ್ಟ ಪುಟ್ಟ ಖಾನೆಗಳು. ಆ ಸಾಫ್ಟ್‌ವೇರ್ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಅದಕ್ಕೇ ಮಧ್ಯೆ ಎ ಬಂದಿದೆ. 1ಎ8 ಅಂದರೆ 424. ಹೊಸ ಡಿಸ್ಕ್‌ನಲ್ಲಿ ಅಲ್ಲಿ ಸೊನ್ನೆ ಇರಬೇಕು.

ಚೆಕ್‌ಡಿಸ್ಕ್ ಬೇಡವೇ ಬೇಡ. ಅದು ನಿಮ್ಮ ಫೈಲ್ ಉಳಿಸಲು ಇರುವುದಲ್ಲ, ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ) ಸರಿಮಾಡಲು ಇರುವುದು. ಸರಿಮಾಡುವ ಭರದಲ್ಲಿ ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತದೆ, ಅರ್ಥವಾಗದ ಎಂಟ್ರಿಗಳನ್ನು ಕಿತ್ತುಹಾಕುತ್ತದೆ. ಫಾರ್ಮ್ಯಾಟ್ ಬಗ್ಗೆ ಹೇಳುವುದೇ ಬೇಡ. ಅಂಗಡಿಯವರು ನೋಡಿದ್ದು ಲ್ಯಾಪ್‌ಟಾಪ್, ನಿಮಗೆ ಬೇಕಾದದ್ದು ಒಳಗಿರುವುದು ಅಲ್ವಾ.

ಫ್ರೀಜರ್‌ನಿಂದ ಹೊರಗೆ ತೆಗೆದ ತಕ್ಷಣ ಡಿಸ್ಕ್ ಬೆವರುತ್ತದೆ, ಅದೂ ನಿಮ್ಮ ಜುಲೈ ಗಾಳಿಯಲ್ಲಿ. ಒಳಗೆ ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್‌ಗೂ ನಡುವೆ ಇರುವ ಸಂದು ಕೆಲವು ನ್ಯಾನೋಮೀಟರ್. ಅಲ್ಲಿ ನೀರಿನ ಪಸೆ ಬಂದರೆ ಮುಗಿಯಿತು. ಅಟ್ಟದ ಹೊಗೆಯೂ ಬೇಡ.

ಒಂದು ಕೇಳಬೇಕು. ಸದ್ದು ಕಿರ್ರ್ ಅಂತಲೇನಾ, ಇಲ್ಲ ಒಂದೇ ತಾಳದಲ್ಲಿ ಟಕ್ ಟಕ್ ಅಂತಾನಾ? ಟಕ್ ಟಕ್ ಆದರೆ ಹೆಡ್ ಹೋಗಿದೆ ಅಂತ ಇಟ್ಟುಕೊಳ್ಳಿ. ಆಗ ಮನೆಯಲ್ಲಿ ಏನೂ ಮಾಡಬೇಡಿ. ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬ್‌ಗೆ ಬೆಂಗಳೂರಿಗೆ ಕಳಿಸಬೇಕು, ಖರ್ಚು ಜಾಸ್ತಿ.

ಹೂಮಳೆ:
ಟಕ್ ಟಕ್ ಇಲ್ಲ. ಆಫ್ ಮಾಡಿದ್ದೇನೆ. ಭಾವನಿಗೂ ಹೇಳಿದೆ, ಮುಖ ಊದಿಸಿಕೊಂಡಿದ್ದಾರೆ.

ಪೆಂಗ್ವಿನ್:
ಹಾಗಾದರೆ ಮನೆಯಲ್ಲೇ ಪ್ರಯತ್ನ ಮಾಡಬಹುದು. ಫೈಲ್ ಕಾಪಿ ಮಾಡಲು ಹೋಗಬೇಡಿ, ಇಡೀ ಡಿಸ್ಕ್‌ನ ಅಚ್ಚು (ಇಮೇಜ್) ತೆಗೆಯಿರಿ. ಉಳಿದ ಕೆಲಸವೆಲ್ಲ ಆ ಅಚ್ಚಿನ ಮೇಲೆ.

1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದುಕೊಳ್ಳಿ. ಅದರ ಫೈಲ್ ಸಿಸ್ಟಮ್ ಫ್ಯಾಟ್32 ಅನ್ನುವ ಹಳೇ ಬಗೆಯದ್ದಾದರೆ ಎನ್‌ಟಿಎಫ್‌ಎಸ್ ಅನ್ನುವ ಬಗೆಗೆ ಬದಲಾಯಿಸಿ, ಇಲ್ಲದಿದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಸಿಸ್ಟಮ್‌ರೆಸ್ಕ್ಯೂ (ವಿಂಡೋಸ್ ಬದಲು ಓಡುವ ಲಿನಕ್ಸ್) ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಿ, ಅಂದರೆ ಶುರು ಮಾಡಿ. ಅಚ್ಚು ತೆಗೆಯುವ ಡಿಡಿರೆಸ್ಕ್ಯೂ ಅದರಲ್ಲೇ ಇದೆ, ಆಮೇಲೆ ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಟವರ್ ಕಥೆ ನನಗೂ ಗೊತ್ತು.

ಡಿಡಿರೆಸ್ಕ್ಯೂಗೆ ಮೂರು ಹೆಸರು ಕೊಡಬೇಕು: ಮೊದಲು ಹಳೇ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಹಿಂದೆಮುಂದೆ ಆಗಬಾರದು. ಯಾವುದು 500 ಜಿಬಿ, ಯಾವುದು 1000 ಜಿಬಿ ಅಂತ ಎರಡು ಸಲ ನೋಡಿ. ಮೊದಲ ಸುತ್ತಿಗೆ ಕಮಾಂಡ್‌ನಲ್ಲಿ ಮೈನಸ್ ಎನ್ (-n) ಹಾಕಿ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗವನ್ನು ಕೆರೆಯದೆ ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಎನ್ ತೆಗೆದು ಮೈನಸ್ ಡಿ (-d, ಡಿಸ್ಕ್‌ನಿಂದ ನೇರ ಓದು), ಮೈನಸ್ ಆರ್ 3 (-r3) ಹಾಕಿದರೆ ಬಿಟ್ಟುಹೋದ ಜಾಗಗಳಿಗೆ ಮಾತ್ರ ವಾಪಸ್ ಬಂದು ಮೂರು ಸಲ ಕೇಳುತ್ತದೆ.

ಹೂಮಳೆ:
ಭಾವನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಿದ್ದಾನೆ. ಅವನನ್ನು ಕೂರಿಸುತ್ತೇನೆ. ಆದರೆ ಇಲ್ಲಿ ಕರೆಂಟ್ ಆರು ಗಂಟೆ ಇದ್ದರೆ ಹಬ್ಬ. ಇನ್ವರ್ಟರ್ ಇದೆ, ಅದೂ ಎಷ್ಟು ಹೊತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದಲೇ?

ಪೆಂಗ್ವಿನ್:
ಮ್ಯಾಪ್ ಫೈಲ್ ಇರುವುದೇ ಅದಕ್ಕೆ. ಎಲ್ಲಿಯವರೆಗೆ ಓದಿತು, ಎಲ್ಲಿ ಬಿಟ್ಟಿತು ಅಂತ ಅದರಲ್ಲಿ ಬರೆಯುತ್ತಾ ಹೋಗುತ್ತದೆ. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ಅಲ್ಲಿಂದ ಮುಂದುವರಿಯುತ್ತದೆ.

ಆದರೆ ಎಚ್ಚರ. ಪೆನ್‌ಡ್ರೈವ್‌ನಿಂದ ಬೂಟ್ ಆದ ಸಿಸ್ಟಮ್ ಇರುವುದು ರ‍್ಯಾಮ್‌ನಲ್ಲಿ, ಅಂದರೆ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುವ ಮೆಮೊರಿಯಲ್ಲಿ. ಮ್ಯಾಪ್ ಫೈಲನ್ನು ಅಲ್ಲೇ ಇಟ್ಟರೆ ಕರೆಂಟಿನ ಜೊತೆ ಅದೂ ಹೋಗುತ್ತದೆ. ನಾನು ಒಮ್ಮೆ ಹಾಗೆ ಮಾಡಿ ಒಂದು ರಾತ್ರಿಯ ಕೆಲಸ ಕಳೆದುಕೊಂಡಿದ್ದೇನೆ. ಇಮೇಜ್ ಪಕ್ಕದಲ್ಲೇ, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೇ ಇಡಿ.

ಹೂಮಳೆ:
ನಾಲ್ಕು ದಿನದ ಮೇಲೆ ಬಂದೆ. ಎಕ್ಸ್‌ಟರ್ನಲ್ ಡಿಸ್ಕ್ ತರಲು ಮಡಿಕೇರಿಗೇ ಹೋಗಬೇಕಾಯಿತು.

ಮೊದಲ ಸುತ್ತಿನಲ್ಲಿ ಎರಡು ಸಲ ಕರೆಂಟ್ ಹೋಯಿತು. ಒಮ್ಮೆ ಇನ್ವರ್ಟರ್ ಕೂಡ ಕೈಕೊಟ್ಟಿತು, ರಾತ್ರಿ ಎರಡು ಗಂಟೆಗೆ, ನಾನು ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಬೆಳಿಗ್ಗೆ ಹುಡುಗ ಅದೇ ಕಮಾಂಡ್ ಕೊಟ್ಟ. ಬಿಟ್ಟ ಜಾಗದಿಂದಲೇ ಹಿಡಿಯಿತು! ಕೊನೆಗೆ 500107 ಎಂಬಿಯಲ್ಲಿ ಸಿಗದೆ ಉಳಿದದ್ದು 160 ಕೆಬಿ.

ಇಮೇಜನ್ನು ಓದಲು ಮಾತ್ರ ಆಗುವ ಹಾಗೆ ತೆರೆದ. ಎಕ್ಸೆಲ್ ಇದೆ, ಎಲ್ಲ ವರ್ಷವೂ ಇದೆ. ಮಾವ ಅಂಕಿಯ ಪಕ್ಕದ ಕಾಲಂನಲ್ಲಿ ಏನೇನೋ ಬರೆದಿದ್ದು ನನಗೆ ಗೊತ್ತೇ ಇರಲಿಲ್ಲ. ‘ಹೂಮಳೆ 85 ಸೆಂಟ್, ಸಾಕು.’ (ಕಾಫಿ ಹೂ ಅರಳಿಸುವ ಮಳೆ, ನನ್ನ ಹೆಸರಲ್ಲ.) ‘ಗೇಜ್ ಒಳಗೆ ಕಪ್ಪೆ, ಅಂದಾಜು ಬರೆದಿದೆ.’ ಫೋಟೋಗಳಲ್ಲಿ ಎರಡು ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಇರಲಿ.

ಸ್ಕ್ರೂಡ್ರೈವರ್:
ಎಕ್ಸೆಲ್ ಅನ್ನು ಇವತ್ತೇ ಇನ್ನೆರಡು ಕಡೆ ಹಾಕಿ ಅಕ್ಕ. ಹಾಕಿದ ಮೇಲೆ ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಿ, ಬೇರೆ ಕಂಪ್ಯೂಟರಿನಲ್ಲಿ. ಶಾರ್ಟ್‌ಕಟ್ ಆದರೆ ಅಲ್ಲಿ ತೆರೆಯುವುದಿಲ್ಲ.

ಅಂದ ಹಾಗೆ ನಿಮ್ಮಲ್ಲಿ ಇವತ್ತು ಎಷ್ಟು?

ಹೂಮಳೆ:
4 ಇಂಚು 15 ಸೆಂಟ್. ನಿಮ್ಮಲ್ಲಿ?

ಸ್ಕ್ರೂಡ್ರೈವರ್:
30 ಸೆಂಟ್ ಇರಬಹುದು. ಬಟ್ಟೆ ಹೊರಗೇ ಒಣಗುತ್ತಿದೆ.