ಏಳು ದಿನದ ಪಾಸ್ ಇದೆ, ಹೆಸರೇ ಕೇಳದ ನೂರೈವತ್ತು ಚಿತ್ರಗಳಿವೆ. ಹೇಗೆ ಆರಿಸಲಿ?

ಕೊನೆಸಾಲಿನ ಸೀಟು:

ಎಲ್ಲರಿಗೂ ನಮಸ್ಕಾರ. ಈ ಸಲ ಮೊದಲ ಬಾರಿಗೆ ಒಂದು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಪೂರ್ತಿ ಏಳು ದಿನದ ಪಾಸ್ ಮಾಡಿಸಿದ್ದೇನೆ. ರಜೆಯೂ ಹಾಕಿ ಆಯಿತು. ಆದರೆ ಶೆಡ್ಯೂಲ್ ಬಂದ ಮೇಲೆ ತಲೆ ಕೆಟ್ಟು ಹೋಗಿದೆ. ನೂರೈವತ್ತರ ಹತ್ತಿರ ಚಿತ್ರಗಳಿವೆ, ಅದರಲ್ಲಿ ನನಗೆ ಹೆಸರು ಗೊತ್ತಿರುವುದು ನಾಲ್ಕೋ ಐದೋ. ಒಂದೇ ಹೊತ್ತಿಗೆ ಆರು ಪರದೆಯಲ್ಲಿ ಆರು ಚಿತ್ರ. ಪ್ರತಿಯೊಂದರ ಕೆಳಗೂ ಎರಡು ಸಾಲಿನ ಕಥೆ ಕೊಟ್ಟಿದ್ದಾರೆ, ಓದುತ್ತಾ ಹೋದರೆ ಎಲ್ಲವೂ ಒಂದೇ ಥರ ಕಾಣುತ್ತದೆ. ಯಾರೋ ತುಂಬಾ ವರ್ಷ ಆದ ಮೇಲೆ ಊರಿಗೆ ವಾಪಸ್ ಬರುತ್ತಾರೆ, ಹಳೆಯದೆಲ್ಲ ಮೇಲೆದ್ದು ಬರುತ್ತದೆ.

ನನ್ನ ಭಯಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಬೇರೊಂದು ಉತ್ಸವಕ್ಕೆ ಒಂದು ದಿನದ ಮಟ್ಟಿಗೆ ಹೋಗಿದ್ದೆ. ಅಲ್ಲಿ ನೋಡಿದ ಚಿತ್ರದಲ್ಲಿ ಒಬ್ಬ ಮುದುಕ ಬಾಗಿಲು ರಿಪೇರಿ ಮಾಡುತ್ತಾನೆ. ಅಷ್ಟೇ, ಮುಕ್ಕಾಲು ಗಂಟೆ. ಸ್ಕ್ರೂ ಬಿಚ್ಚುತ್ತಾನೆ, ಎಣ್ಣೆ ಬಿಡುತ್ತಾನೆ, ಬಾಗಿಲನ್ನು ಮತ್ತೆ ಕೂರಿಸುತ್ತಾನೆ, ಸರಿ ಬರಲಿಲ್ಲ ಎಂದು ಮತ್ತೆ ಬಿಚ್ಚುತ್ತಾನೆ. ನನ್ನ ಸಾಲಿನವರು ಒಬ್ಬೊಬ್ಬರಾಗಿ ಎದ್ದರು, ನಾನೂ ಎದ್ದು ಬಂದೆ. ಕೊನೆವರೆಗೆ ಕೂತಿದ್ದ ಗೆಳತಿ ಆಚೆ ಬಂದಾಗ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಕೊನೆಯಲ್ಲಿ ಆ ಬಾಗಿಲು ಒಂದೇ ಒಂದು ಸಲ ತೆರೆಯುತ್ತದಂತೆ. ಯಾರು ಬಂದರು ಎಂದು ಅವಳು ಇವತ್ತಿಗೂ ಹೇಳಿಲ್ಲ, ನೀನೇ ನೋಡು ಅನ್ನುತ್ತಾಳೆ. ಆ ಚಿತ್ರ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಹೆಸರೇ ಗೊತ್ತಿಲ್ಲದ ನಿರ್ದೇಶಕರ ಚಿತ್ರಗಳಲ್ಲಿ ನೀವು ಹೇಗೆ ಆರಿಸುತ್ತೀರಿ? ಇನ್ನೊಂದು, ಈ 'ಇಂಡಿಪೆಂಡೆಂಟ್' ಅನ್ನುವುದರ ಅರ್ಥ ಏನು? ದೊಡ್ಡ ದೊಡ್ಡ ನಟರು ಇರುವ ಚಿತ್ರಕ್ಕೂ ಅದೇ ಹೆಸರು ಕೊಟ್ಟಿದ್ದಾರೆ.

ಮ್ಯಾಟಿನಿ:

ಆ ಎರಡು ಸಾಲಿನ ಕಥೆಯನ್ನು ಓದುವುದು ಬಿಡಿ, ಇದು ನನ್ನ ಮೊದಲ ಮಾತು. ಯಾವ ವಿಭಾಗದಲ್ಲಿ ಹಾಕಿದ್ದಾರೆ ಎಂದು ನೋಡಿ. ಅದಕ್ಕಿಂತ ಮುಖ್ಯವಾಗಿ, ಅದು ನಿರ್ದೇಶಕರ ಎಷ್ಟನೇ ಚಿತ್ರ ಎಂದು ನೋಡಿ. ನಾನು ದಿನಕ್ಕೆ ಒಂದಾದರೂ ಚೊಚ್ಚಲ ಚಿತ್ರ ನೋಡಿಯೇ ನೋಡುತ್ತೇನೆ.

ಯಾಕೆ ಅಂದರೆ, ಮೊದಲ ಚಿತ್ರ ಮಾಡುವವರ ಹತ್ತಿರ ದುಡ್ಡು ಇರುವುದಿಲ್ಲ, ಹೆಸರೂ ಇರುವುದಿಲ್ಲ, ಹೇಳಲೇಬೇಕಾದ ಒಂದು ಮಾತು ಮಾತ್ರ ಇರುತ್ತದೆ. ಫ್ರಾನ್ಸಿನ ಕಾನ್ ಉತ್ಸವದಲ್ಲಿ ಮೊದಲ ಚಿತ್ರಕ್ಕೆಂದೇ 'ಕ್ಯಾಮೆರಾ ಡಿ'ಓರ್' ಎಂಬ ಪ್ರಶಸ್ತಿ ಇದೆ, 1978ರಿಂದ ಕೊಡುತ್ತಿದ್ದಾರೆ. 1984ರಲ್ಲಿ ಅದನ್ನು ಗೆದ್ದವರು ಜಿಮ್ ಜಾರ್ಮುಶ್. ಆ ಚಿತ್ರ ಶುರುವಾಗಿದ್ದು ಒಂದು ಕಿರುಚಿತ್ರವಾಗಿ, ಅದೂ ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ತಮ್ಮ ಚಿತ್ರ ಮುಗಿಸಿ ಉಳಿದಿದ್ದ ಫಿಲ್ಮ್ ರೋಲುಗಳಲ್ಲಿ. 1995ರಲ್ಲಿ ಗೆದ್ದವರು ಇರಾನಿನ ಜಾಫರ್ ಪನಾಹಿ. ಆವತ್ತು ಆ ಶೋಗಳಿಗೆ ಹೋದವರಲ್ಲಿ ಎಷ್ಟು ಜನಕ್ಕೆ ಈ ಹೆಸರುಗಳು ಗೊತ್ತಿದ್ದವು ಹೇಳಿ!

ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಉತ್ಸವದ 'ಟೈಗರ್' ಪ್ರಶಸ್ತಿಯೂ ಹೊಸಬರಿಗೆ ಸಿಗುವಂಥದ್ದು. 1999ರಲ್ಲಿ ಅದನ್ನು ಪಡೆದವರಲ್ಲಿ ಕ್ರಿಸ್ಟೋಫರ್ ನೋಲನ್ ಒಬ್ಬರು. ಗೆಳೆಯರನ್ನೇ ಸೇರಿಸಿಕೊಂಡು, ಎಲ್ಲರಿಗೂ ವಾರವೆಲ್ಲ ಕೆಲಸ ಇದ್ದುದರಿಂದ ವಾರಾಂತ್ಯದಲ್ಲಷ್ಟೇ ಚಿತ್ರೀಕರಿಸಿ, ಸುಮಾರು ಒಂದು ವರ್ಷ ಎಳೆದಾಡಿ ಮಾಡಿದ ಕಪ್ಪುಬಿಳುಪು ಚಿತ್ರ ಅದು. ಫಿಲ್ಮ್ ಉಳಿಸಲು ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿ ಒಂದೋ ಎರಡೋ ಟೇಕಿನಲ್ಲಿ ಮುಗಿಸುತ್ತಿದ್ದರು.

ಹೆಸರು ಇರುವ, ದೊಡ್ಡ ಪ್ರಶಸ್ತಿ ಗೆದ್ದ ಚಿತ್ರಗಳನ್ನು ನಾನು ಬಿಟ್ಟುಬಿಡುತ್ತೇನೆ. ಅವು ಹೇಗೂ ಆರು ತಿಂಗಳಲ್ಲಿ ಎಲ್ಲೋ ಒಂದು ಕಡೆ ಸಿಗುತ್ತವೆ. ನಿಮ್ಮ ಬಾಗಿಲಿನ ಚಿತ್ರದಂಥವು ಸಿಗುವುದಿಲ್ಲ, ಅದು ನಿಮಗೇ ಗೊತ್ತಾಗಿದೆ ಅಲ್ವಾ.

ಇನ್ನೊಂದು ಗುರುತು ಹೇಳುತ್ತೇನೆ. ಚಿತ್ರದ ಹೆಸರಿನ ಪಕ್ಕ ದೇಶಗಳ ಪಟ್ಟಿ ಇರುತ್ತದೆ, ಕೆಲವಕ್ಕೆ ಐದಾರು ದೇಶ ಇರುತ್ತವೆ. ಚಿತ್ರ ಅಷ್ಟೂ ಕಡೆ ನಡೆಯುತ್ತದೆ ಎಂದಲ್ಲ. ದುಡ್ಡು ಅಷ್ಟು ಕಡೆಯಿಂದ ಚೂರುಚೂರು ಬಂದಿದೆ ಎಂದರ್ಥ. ರಾಟರ್‌ಡ್ಯಾಮಿನವರದ್ದೇ 'ಹ್ಯೂಬರ್ಟ್ ಬಾಲ್ಸ್ ಫಂಡ್' ಇದೆ, 1988ರಿಂದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮುಂತಾದ ಕಡೆಯ ನಿರ್ದೇಶಕರಿಗೆ ನೆರವು ಕೊಡುತ್ತಾ ಬಂದಿದೆ. ಬರ್ಲಿನ್ ಉತ್ಸವಕ್ಕೂ ಅಂಥದ್ದೊಂದು ಇದೆ. ಚಿತ್ರದ ಶುರುವಿನಲ್ಲಿ ಇಂಥ ನಿಧಿಗಳ ಲೋಗೋಗಳು ಸಾಲಾಗಿ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಒಂದೊಂದು ಲೋಗೋ ಹಿಂದೆಯೂ ಆ ನಿರ್ದೇಶಕರು ಅರ್ಜಿ ಹಾಕಿ ಕಾದ ತಿಂಗಳುಗಳಿವೆ.

ಸಬ್‌ಟೈಟಲ್ ಓದುವವಳು:

ನಿಮ್ಮ ಎರಡನೇ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಇಂಡಿಪೆಂಡೆಂಟ್ ಅಂದರೆ ಕಡಿಮೆ ದುಡ್ಡಿನ ಚಿತ್ರ ಎಂದು ಜಾಸ್ತಿ ಜನ ಅಂದುಕೊಂಡಿದ್ದಾರೆ. ದೊಡ್ಡ ಸ್ಟುಡಿಯೋ ದುಡ್ಡಿಲ್ಲದೆ ಮಾಡಿದ್ದು ಎನ್ನುವುದು ಪುಸ್ತಕದ ಅರ್ಥ. ನನ್ನ ಪ್ರಕಾರ ಮುಖ್ಯವಾದದ್ದು ಬೇರೆ. ಎಡಿಟಿಂಗ್ ಟೇಬಲ್ ಮೇಲೆ ಕೊನೆಯ ಮಾತು ಯಾರದ್ದು? 'ಈ ದೃಶ್ಯ ಕತ್ತರಿಸು, ಜನಕ್ಕೆ ಬೋರ್ ಆಗುತ್ತದೆ' ಎಂದು ಹೇಳುವ ಅಧಿಕಾರ ಹೊರಗಿನವರಿಗೆ ಇಲ್ಲದಿದ್ದರೆ ಅದು ಇಂಡಿಪೆಂಡೆಂಟ್. ನಟರು ಎಷ್ಟು ದೊಡ್ಡವರು ಎಂಬುದು ಲೆಕ್ಕಕ್ಕಿಲ್ಲ. ಟಿಲ್ಡಾ ಸ್ವಿಂಟನ್ ಅಷ್ಟು ದೊಡ್ಡ ನಟಿ, ಆದರೂ ಥಾಯ್ಲೆಂಡಿನ ನಿರ್ದೇಶಕ ಅಪಿಚಾಟ್‌ಪೋಂಗ್ ವೀರಸೇತಕುಲ್ ಜೊತೆ ಕೊಲಂಬಿಯಾಕ್ಕೆ ಹೋಗಿ, ಜಾಸ್ತಿ ಸ್ಪ್ಯಾನಿಷ್ ಭಾಷೆಯಲ್ಲೇ ಇರುವ 'ಮೆಮೋರಿಯಾ' ಮಾಡಿದರು. ಅದರಲ್ಲಿ ಅವರು ಪಾರ್ಕಿನ ಬೆಂಚಿನ ಮೇಲೆ ಕೂತಿದ್ದರೆ ನಾವೂ ಅಷ್ಟು ಹೊತ್ತು ಕೂತಿರಬೇಕು.

ಪನಾಹಿ ಹೆಸರು ಮೇಲೆ ಬಂತು. ಅವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಈ ಚಿತ್ರಗಳ ಕಡೆ ಎಳೆದದ್ದೇ ಅವರು. 2010ರಲ್ಲಿ ಇರಾನಿನ ನ್ಯಾಯಾಲಯ ಅವರಿಗೆ 20 ವರ್ಷ ಚಿತ್ರ ಮಾಡಬಾರದು ಎಂದು ಹೇಳಿತು. ಆರು ವರ್ಷದ ಜೈಲು ಶಿಕ್ಷೆ ಬೇರೆ. ಮೇಲ್ಮನವಿಯ ತೀರ್ಪಿಗೆ ಕಾಯುತ್ತಾ ಮನೆಯಲ್ಲಿದ್ದಾಗ ಒಬ್ಬ ಗೆಳೆಯರನ್ನು ಕರೆಸಿ, ತಮ್ಮ ಫ್ಲ್ಯಾಟಿನ ಒಳಗೇ ಚಿತ್ರೀಕರಿಸಿದರು. ಅದಕ್ಕೆ ಇಟ್ಟ ಹೆಸರು 'ಇದು ಚಿತ್ರವಲ್ಲ', 2011ರದ್ದು. ಅದರಲ್ಲಿ ಒಂದು ದೃಶ್ಯ ಇದೆ. ತಮಗೆ ಮಾಡಲು ಬಿಡದ ಚಿತ್ರದ ಚಿತ್ರಕಥೆಯನ್ನು ಕೈಯಲ್ಲಿ ಹಿಡಿದು, ಹಾಲಿನ ಜಮಖಾನೆಯ ಮೇಲೆ ಟೇಪ್ ಅಂಟಿಸಿ ಒಂದು ಕೋಣೆಯ ನಕ್ಷೆ ಮಾಡುತ್ತಾರೆ. ಇಲ್ಲಿ ಹುಡುಗಿಯ ಹಾಸಿಗೆ, ಇಲ್ಲಿ ಕಿಟಕಿ. ಉತ್ಸಾಹದಿಂದ ಹೇಳುತ್ತಾ ಹೇಳುತ್ತಾ ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಚಿತ್ರವನ್ನು ಬಾಯಲ್ಲಿ ಹೇಳಲು ಆಗುವುದಾದರೆ ಮಾಡುವುದಾದರೂ ಯಾಕೆ ಎಂದು ಕೇಳುತ್ತಾರೆ. ಆ ಮುಖ ನನಗೆ ಮರೆಯಲಾಗಿಲ್ಲ.

ಆಮೇಲೆ ತಾವೇ ಟ್ಯಾಕ್ಸಿ ಓಡಿಸುತ್ತಾ, ಕಾರಿನೊಳಗೇ ಕ್ಯಾಮೆರಾ ಇಟ್ಟು ಟೆಹ್ರಾನಿನ ಬೀದಿಗಳಲ್ಲಿ ಇನ್ನೊಂದು ಚಿತ್ರ ಮಾಡಿದರು. 2015ರಲ್ಲಿ ಅದಕ್ಕೆ ಬರ್ಲಿನ್‌ನಲ್ಲಿ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂತು. ದೇಶ ಬಿಡುವಂತಿರಲಿಲ್ಲ, ಅದರಲ್ಲಿ ನಟಿಸಿದ್ದ ಅವರ ಮನೆಯ ಪುಟ್ಟ ಹುಡುಗಿ ವೇದಿಕೆಗೆ ಹೋಗಿ ಪ್ರಶಸ್ತಿ ಹಿಡಿದು ಅತ್ತಳು. 2025ರಲ್ಲಿ ಕಾನ್‌ನಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ಡಿ'ಓರ್ ಬಂದಾಗ ಅವರೇ ಅಲ್ಲಿದ್ದರು. ಆ ರಾತ್ರಿ ವಿಡಿಯೋ ನೋಡುತ್ತಾ ನಾನೂ ಅತ್ತಿದ್ದೇನೆ.

ಸೌದಿ ಅರೇಬಿಯಾದ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಅವರದ್ದೂ ಅಂಥದ್ದೇ ಕಥೆ. 'ವಜ್ದಾ' ಚಿತ್ರದಲ್ಲಿ ಒಬ್ಬ ಹುಡುಗಿಗೆ ಸೈಕಲ್ ಬೇಕು, ಅಷ್ಟೇ. 2012ರಲ್ಲಿ ವೆನಿಸ್‌ನಲ್ಲಿ ತೋರಿಸಿದರು, ಪೂರ್ತಿಯಾಗಿ ಸೌದಿ ಅರೇಬಿಯಾದಲ್ಲೇ ಚಿತ್ರೀಕರಿಸಿದ ಮೊದಲ ಕಥಾಚಿತ್ರ ಅದು. ಬೀದಿಯಲ್ಲಿ ಹೆಂಗಸು ಗಂಡಸರ ತಂಡಕ್ಕೆ ಎದುರು ನಿಂತು ನಿರ್ದೇಶನ ಮಾಡುವಂತಿರಲಿಲ್ಲ. ವ್ಯಾನಿನೊಳಗೆ ಕೂತು, ಮಾನಿಟರ್ ನೋಡುತ್ತಾ, ವಾಕಿಟಾಕಿಯಲ್ಲಿ ಹೇಳಿ ಚಿತ್ರೀಕರಿಸಿದರು. ಆಗ ಆ ದೇಶದಲ್ಲಿ ಥಿಯೇಟರುಗಳೇ ಇರಲಿಲ್ಲ. ಇಂಥ ಚಿತ್ರಕ್ಕೆ ಉತ್ಸವ ಬಿಟ್ಟರೆ ಮೊದಲ ಪ್ರೇಕ್ಷಕ ಎಲ್ಲಿ ಸಿಗಬೇಕು?

ರೀಲ್ ಡಬ್ಬಿ:

ಮ್ಯಾಟಿನಿ ಅವರೇ, ನಿಮ್ಮ ಒಂದು ಮಾತು ನಾನು ಒಪ್ಪುವುದಿಲ್ಲ. ಪ್ರಶಸ್ತಿ ಗೆದ್ದದ್ದು ಆಮೇಲೆ ಸಿಗುತ್ತದೆ, ಹಾಗಾಗಿ ಬಿಡಿ ಅಂದಿರಿ. ಎಲ್ಲಿ ಸಿಗುತ್ತದೆ? ಮೊಬೈಲಿನಲ್ಲಿ. ಮೇಲೆ ಹೇಳಿದ 'ಮೆಮೋರಿಯಾ'ವನ್ನೇ ತೆಗೆದುಕೊಳ್ಳಿ. ಅದು ಒಂದು ಸದ್ದಿನ ಕಥೆ. ಬೆಳಗಿನ ಜಾವ ನಾಯಕಿಗೆ 'ಧಡ್' ಎಂದು ಕೇಳುತ್ತದೆ, ಬೇರೆ ಯಾರಿಗೂ ಕೇಳುವುದಿಲ್ಲ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೂತು ಆ ಸದ್ದನ್ನು ಮಾತಿನಲ್ಲಿ ವಿವರಿಸಲು ಒದ್ದಾಡುತ್ತಾಳೆ. ಕತ್ತಲ ಹಾಲಿನಲ್ಲಿ ಆ ಸದ್ದು ಎದೆಗೆ ಬಡಿಯಬೇಕು. ಇಯರ್‌ಫೋನಿನಲ್ಲಿ ಅದು ಬರೀ ಸದ್ದು. ಅಮೆರಿಕದ ವಿತರಕರು ಅದನ್ನು ಥಿಯೇಟರಿನಲ್ಲಷ್ಟೇ, ಒಂದು ಊರಾದ ಮೇಲೆ ಇನ್ನೊಂದು ಊರಿನಲ್ಲಿ ತೋರಿಸುತ್ತೇವೆ ಎಂದು ಹೊರಟದ್ದು ಸುಮ್ನೆ ಅಲ್ಲ. ಹಾಗಾಗಿ ಹೊಸಬರನ್ನು ನೋಡಿ, ಜೊತೆಗೆ ದೊಡ್ಡ ಪರದೆಯನ್ನೇ ಬೇಡುವ ಒಂದೆರಡು ಹೆಸರಾಂತ ಚಿತ್ರಗಳನ್ನೂ ನೋಡಿ.

ಇನ್ನು ಎದ್ದು ಬಂದದ್ದಕ್ಕೆ ಕೊರಗಬೇಡಿ ಸರ್. ನಿಧಾನದ ಚಿತ್ರ ನೋಡಲು ಮೈ ಒಗ್ಗಬೇಕು, ಅದು ಒಂದೇ ದಿನದಲ್ಲಿ ಬರುವುದಿಲ್ಲ. ನಿದ್ದೆ ಬಂದರೆ ಮಾಡಿ, ತಪ್ಪೇನಿಲ್ಲ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಅಂಥ ದೊಡ್ಡವರೇ, ಪ್ರೇಕ್ಷಕರನ್ನು ಸೀಟಿಗೆ ಕಟ್ಟಿಹಾಕುವ ಚಿತ್ರಕ್ಕಿಂತ ನಿದ್ದೆ ಬರಿಸುವ ಚಿತ್ರ ತಮಗೆ ಇಷ್ಟ ಎಂಬ ಅರ್ಥದಲ್ಲಿ ಹೇಳಿದ್ದರು. ಅಲ್ಲಿ ಮಲಗಿದವರನ್ನು ಅದೇ ಚಿತ್ರ ಆಮೇಲೆ ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ ಎಂಬುದು ಅವರ ನಂಬಿಕೆ.

ಆದರೆ ಮೊದಲ ದಿನವೇ ಫಿಲಿಪ್ಪೀನ್ಸಿನ ಲಾವ್ ಡಿಯಾಝ್ ಚಿತ್ರಕ್ಕೆ ಹೋಗಬೇಡಿ, ದಯವಿಟ್ಟು. 2016ರಲ್ಲಿ ಬರ್ಲಿನ್ ಸ್ಪರ್ಧೆಯಲ್ಲಿದ್ದ ಅವರ ಚಿತ್ರ 485 ನಿಮಿಷ, ಅಂದರೆ ಎಂಟು ಗಂಟೆ ದಾಟುತ್ತದೆ. ನಾನು ಅವರ ನಾಲ್ಕು ಗಂಟೆಯ ಚಿತ್ರ ಒಂದನ್ನು ನೋಡಿದ್ದೇನೆ, ಅದು ಬೇರೆಯದೇ ಅನುಭವ. ಆದರೆ ಏಳು ದಿನದ ಪಾಸಿನಲ್ಲಿ ಅದಕ್ಕೆ ಜಾಗ ಐದನೇ ದಿನ.

ದಿನಕ್ಕೆ ಮೂರು ಸಾಕು. ನಾಲ್ಕನೆಯದು ಮೂರನೆಯದನ್ನು ಅಳಿಸಿಹಾಕುತ್ತದೆ.

ಕೊನೆಸಾಲಿನ ಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪನಾಹಿ ಬಗ್ಗೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇನ್ನೊಂದು ಕೇಳಬೇಕಿತ್ತು. ಕೆಲವು ಶೋಗಳ ಪಕ್ಕ 'ನಿರ್ದೇಶಕರು ಹಾಜರಿರುತ್ತಾರೆ' ಎಂದು ಬರೆದಿದೆ. ಅದಕ್ಕಾಗಿಯೇ ಆ ಶೋ ಆರಿಸಬೇಕಾ? ಪ್ರಶ್ನೆ ಕೇಳಲು ನನಗೆ ಧೈರ್ಯ ಸಾಲುವುದಿಲ್ಲ. ಮತ್ತೆ, ಒಂದು ದಿನ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಹೋಗುವ ಆಸೆ ಇದೆ.

ಗೇಟ್ ಬಳಿ ನಿಂತವನು:

ನಾನು ಉತ್ಸವಗಳಲ್ಲಿ ವಾಲಂಟಿಯರ್ ಆಗಿ ಕೆಲಸ ಮಾಡಿದವನು. ಟಿಕೆಟ್ ಹರಿದಿದ್ದೇನೆ, ಮೈಕ್ ಹಿಡಿದು ಸಾಲಿನಿಂದ ಸಾಲಿಗೆ ಓಡಿದ್ದೇನೆ. ಹಾಗಾಗಿ ಇದಕ್ಕೆ ಉತ್ತರ ನನ್ನ ಹತ್ತಿರ ಇದೆ. ಹೌದು, ಅದಕ್ಕಾಗಿಯೇ ಆರಿಸಿ.

ಒಂದು ಸಲ ಒಬ್ಬ ನಿರ್ದೇಶಕಿ ತಮ್ಮ ಮೊದಲ ಚಿತ್ರ ತಂದಿದ್ದರು. ಚಿತ್ರ ಶುರುವಾದ ಮೇಲೆ ಸೀಟಿನಲ್ಲಿ ಕೂರಲಿಲ್ಲ, ನನ್ನ ಪಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತರು. ಪರದೆ ನೋಡುತ್ತಿರಲಿಲ್ಲ, ಜನರ ತಲೆಗಳನ್ನು ನೋಡುತ್ತಿದ್ದರು. ಯಾರಾದರೂ ಎದ್ದರೆ ಬಾಗಿಲು ಸದ್ದು ಮಾಡದ ಹಾಗೆ ತಾವೇ ಹಿಡಿದುಕೊಂಡು ಬಿಡುತ್ತಿದ್ದರು. ಹೊರಟವರಿಗೆ ಅವರು ಯಾರು ಎಂದು ಗೊತ್ತಿಲ್ಲ, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಕೊನೆಯಲ್ಲಿ ಉಳಿದವರು ಹನ್ನೊಂದು ಮಂದಿ. ಆ ಹನ್ನೊಂದು ಮಂದಿಯ ಜೊತೆ ಅವರು ಒಂದು ಗಂಟೆ ಮಾತಾಡಿದರು, ಥಿಯೇಟರಿನವರು ಲೈಟ್ ಆರಿಸುತ್ತೇವೆ ಅಂದ ಮೇಲೆ ಹೊರಗೆ ಮೆಟ್ಟಿಲ ಮೇಲೂ ಮಾತು ಮುಂದುವರಿಯಿತು. ರಾಟರ್‌ಡ್ಯಾಮ್ ಉತ್ಸವ 1972ರಲ್ಲಿ ಶುರುವಾದಾಗ ಮೊದಲ ರಾತ್ರಿ ಬಂದಿದ್ದವರು 17 ಜನ ಎಂದು ಆಮೇಲೆ ಎಲ್ಲೋ ಓದಿದೆ. ಆವತ್ತೇ ಗೊತ್ತಿದ್ದಿದ್ದರೆ ಆ ಮೇಡಂಗೆ ಹೇಳುತ್ತಿದ್ದೆ.

ಧೈರ್ಯದ ಮಾತಿಗೆ ಬಂದರೆ, ದೊಡ್ಡ ಪ್ರಶ್ನೆಯೇ ಕೇಳಬೇಕಿಲ್ಲ. ಚಿತ್ರದ ಸಂದೇಶ ಏನು ಎಂದು ಕೇಳಿದರೆ ಅವರ ಮುಖ ಬಾಡುತ್ತದೆ, ಇದನ್ನು ತುಂಬಾ ಸಲ ನೋಡಿದ್ದೇನೆ. ಅದೇ ಒಂದು ಸಣ್ಣ ಸಂಗತಿ ಕೇಳಿ ನೋಡಿ. ಆ ಮಳೆ ನಿಜವಾದ ಮಳೆಯಾ? ಆ ಅಜ್ಜಿ ಎಲ್ಲಿ ಸಿಕ್ಕರು? ನಿಮ್ಮ ಆ ಬಾಗಿಲಿನ ಚಿತ್ರಕ್ಕಾಗಿದ್ದರೆ, ಆ ಮುದುಕರಿಗೆ ನಿಜವಾಗಿ ಬಡಗಿ ಕೆಲಸ ಬರುತ್ತಿತ್ತಾ? ಇಂಥ ಪ್ರಶ್ನೆಗೆ ಹತ್ತು ನಿಮಿಷದ ಉತ್ತರ ಬರುತ್ತದೆ, ಚಿತ್ರ ಹೇಗೆ ಹುಟ್ಟಿತು ಎಂಬುದೆಲ್ಲ ಅದರಲ್ಲೇ ಬಂದುಬಿಡುತ್ತದೆ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ವಯಸ್ಸಿನ ಮಿತಿ ನೋಡಿಕೊಳ್ಳಿ. ಉತ್ಸವದ ಎಷ್ಟೋ ಶೋಗಳಿಗೆ ಮಕ್ಕಳನ್ನು ಬಿಡುವುದಿಲ್ಲ. ಆನಿಮೇಷನ್ ವಿಭಾಗ ಇದ್ದರೆ ಅಲ್ಲಿಂದ ಶುರು ಮಾಡಿ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ 'ಫ್ಲೋ' ನೋಡಿಲ್ಲದಿದ್ದರೆ ಮನೆಯಲ್ಲಿ ಮೊದಲು ಅದನ್ನು ತೋರಿಸಿ. ಒಂದು ಬೆಕ್ಕು, ಒಂದು ದೋಣಿ, ಸುತ್ತ ನೀರು. ಒಂದೇ ಒಂದು ಮಾತೂ ಇಲ್ಲ, ಹಾಗಾಗಿ ಸಬ್‌ಟೈಟಲ್ ಓದುವ ಕಷ್ಟವೂ ಇಲ್ಲ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ 'ಬ್ಲೆಂಡರ್' ಸಾಫ್ಟ್‌ವೇರಿನಲ್ಲಿ ಮಾಡಿದ ಚಿತ್ರ. 2024ರಲ್ಲಿ ಕಾನ್‌ನಲ್ಲಿ ತೋರಿಸಿದರು, ಮುಂದಿನ ವರ್ಷ ದೊಡ್ಡ ಸ್ಟುಡಿಯೋಗಳ ಚಿತ್ರಗಳ ಎದುರು ಆಸ್ಕರ್ ಗೆದ್ದಿತು.

ಕೊನೆಸಾಲಿನ ಸೀಟು:

ಮೊದಲ ದಿನಕ್ಕೆ ಮೂರು ಗುರುತು ಹಾಕಿದ್ದೇನೆ. ಬೆಳಿಗ್ಗೆ ಒಂದು ಚೊಚ್ಚಲ ಚಿತ್ರ, ನಿರ್ದೇಶಕರು ಬರುತ್ತಾರೆ. ಮಧ್ಯಾಹ್ನ ಒಂದು ಆನಿಮೇಷನ್, ವಯಸ್ಸಿನ ಮಿತಿ ಇಲ್ಲ ಎಂದು ಫೋನ್ ಮಾಡಿ ಕೇಳಿದೆ, ಮಗಳೂ ಬರುತ್ತಾಳೆ. ರಾತ್ರಿ, ಮೂರು ಗಂಟೆ ಹತ್ತು ನಿಮಿಷ ಉದ್ದದ ಒಂದು ಚಿತ್ರ, ಅದಕ್ಕೆ ಆ ಗೆಳತಿಯ ಜೊತೆ ಹೋಗುತ್ತಿದ್ದೇನೆ. ಸಾಲಿನ ನಡುವಿನ ಸೀಟು ಹಿಡಿಯೋಣ ಎಂದು ಅವಳಿಗೆ ಈಗಲೇ ಹೇಳಿದ್ದೇನೆ. ನೋಡಿ ಬಂದು ಇಲ್ಲೇ ಬರೆಯುತ್ತೇನೆ.