‘ಕುಟುಂಬದ ಆದಾಯ’ ಅನ್ನಬಹುದೇ? ‘ಒಕ್ಕಲು’ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಬೆಂಗಳೂರಿನ ಬಡಾವಣೆ ಬಡಾವಣೆಗಳ ನಡುವೆ ಆದಾಯದಲ್ಲಿ ಎಷ್ಟು ಅಂತರ ಇದೆ ಅನ್ನುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೌಸ್‌ಹೋಲ್ಡ್’ ಅನ್ನುವಲ್ಲೇ ಸಿಕ್ಕಿಕೊಂಡಿದ್ದೇನೆ. ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ‘ಕುಟುಂಬ’. ನನಗೆ ಅದು ಒಗ್ಗುತ್ತಿಲ್ಲ.

ಜನಗಣತಿಯವರು ಎಣಿಸುವುದು ನೆಂಟಸ್ತಿಕೆಯನ್ನಲ್ಲ, ಅಡುಗೆಮನೆಯನ್ನು. ಒಟ್ಟಿಗೆ ಇದ್ದು ಒಂದೇ ಅಡುಗೆ ಉಣ್ಣುವವರು ಒಂದು ಲೆಕ್ಕ, ಅಂದರೆ ಒಂದು ‘ಹೌಸ್‌ಹೋಲ್ಡ್’. ನಮ್ಮ ಮನೆಯಲ್ಲಿ ಸೂರು ಒಂದೇ, ಅಣ್ಣನ ಒಲೆ ಬೇರೆ, ನನ್ನದು ಬೇರೆ. ಕುಟುಂಬ ಒಂದು, ಲೆಕ್ಕಕ್ಕೆ ಎರಡು.

ಇನ್ನೊಂದು ನೋಡಿ. ಪಕ್ಕದ ತೋಟದ ಲೈನ್‌ಮನೆಯ (ಕೂಲಿಯವರ ಸಾಲುಮನೆಯ) ಹೆಂಗಸೊಬ್ಬರು ಕೋರಮಂಗಲದಲ್ಲಿ ಮನೆಕೆಲಸಕ್ಕಿದ್ದಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ನಿಯಮದಂತೆ ಅವರು ಆ ಮನೆಯ ಲೆಕ್ಕಕ್ಕೇ ಸೇರುತ್ತಾರೆ. ಅದನ್ನು ‘ಕುಟುಂಬ’ ಅಂತ ಬರೆದರೆ ಅವರು ಸಿರಿವಂತ ಕುಟುಂಬದವರಾಗಿಬಿಡುತ್ತಾರೆ, ಅಲ್ವಾ? ಅವರು ತಿಂಗಳು ತಿಂಗಳು ದುಡ್ಡು ಕಳಿಸುವ ಕುಟುಂಬ ಇಲ್ಲಿದೆ. ಹಿಂದಿನ ಮಳೆಗಾಲದಲ್ಲಿ ಹಾರಿಹೋದ ಶೀಟಿನ ಜಾಗಕ್ಕೆ ಇನ್ನೂ ಟಾರ್ಪಾಲೇ ಇದೆ. ಒಂದು ಪದದಿಂದ ಇಷ್ಟು ದೊಡ್ಡ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

‘ಮನೆ’ ಅಂದರೆ ಕಟ್ಟಡವೂ ಆಗುತ್ತದೆ. ‘ಒಲೆ’ ನನಗೆ ಇಷ್ಟ, ಆದರೆ ‘ಒಲೆಯ ಆದಾಯ’ ಕಿವಿಗೆ ಹಿಡಿಸುವುದಿಲ್ಲ. ಉಳಿದದ್ದು ‘ಒಕ್ಕಲು’. ಹಳೆಗನ್ನಡದಲ್ಲಿ ಒಕ್ಕಲ್ ಅಂದರೆ ಮನೆ, ಬಿಡಾರ, ಅಲ್ಲಿ ನೆಲೆಸಿದವರು. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ಈಗಲೂ ‘ಮನೆ ಒಕ್ಕಲು’ ಅನ್ನುತ್ತಾರೆ. ಬೇರೆ ಕಡೆ ಒಕ್ಕಲು ಅಂದರೆ ಗೇಣಿದಾರ. ಪೇಟೆಯವರ ಬಾಯಲ್ಲಂತೂ ಈ ಪದ ಹೆಚ್ಚಾಗಿ ಕೇಳಿಸುವುದು ‘ಒಕ್ಕಲೆಬ್ಬಿಸು’ ಅನ್ನುವುದರಲ್ಲಿ. ಯೋಚಿಸಿದರೆ ಸಂಕಟವಾಗುತ್ತದೆ. ನಮ್ಮ ಕಡೆ ಬೇರೊಂದು ತೊಡಕಿದೆ: ಕೊಡವರಿಗೆ ‘ಒಕ್ಕ’ ಅಂದರೆ ಒಂದು ಐನ್‌ಮನೆಗೆ (ಹಿರಿಯರ ಮೂಲಮನೆಗೆ) ಸೇರಿದ ಇಡೀ ಮನೆತನ, ನೂರಾರು ಜನ. ‘ಒಕ್ಕಲಿನ ಆದಾಯ’ ಅಂತ ಬರೆದರೆ ಇಲ್ಲಿಯವರು ಹಾಗೇ ಓದಿಕೊಂಡಾರು.

ಹಾಗೇ, ‘ಬಡಾವಣೆ’ಯ ಬದಲು ‘ಕೇರಿ’ ಬಳಸಬಹುದೇ? ಕೊಡಗಿನ ಊರುಗಳಲ್ಲಿ ಕೇರಿ ಅಂದರೆ ಸುಮ್ನೆ ಊರಿನ ಒಂದು ಭಾಗ. ಬೇರೆ ಕಡೆ ಜಾತಿಯ ವಾಸನೆ ಬರುತ್ತದೆಯೇನೋ. ‘ಕೊಳೆಗೇರಿ’ಯಲ್ಲೂ ಇರುವುದು ಇದೇ ಕೇರಿ. ಸಿರಿವಂತರ ಕೋರಮಂಗಲವನ್ನೂ ಅದರ ಪಕ್ಕದಲ್ಲೇ ಬಡವರೂ ಇರುವ ಈಜಿಪುರವನ್ನೂ ಒಂದೇ ಪದದಲ್ಲಿ ಕರೆಯಬೇಕು ಅನ್ನುವುದು ನನ್ನ ಆಸೆ.

ನಿಮ್ಮ ಊರುಗಳಲ್ಲಿ ‘ಅವರ ಒಲೆ ಬೇರೆ’ ಅನ್ನುವುದಕ್ಕೆ ಏನು ಹೇಳುತ್ತೀರಿ? ದಯವಿಟ್ಟು ತಿಳಿಸಿ.